ರೆಜಿಸ್‌ನ ತೋರುಬೆರಳು

ನಮ್ಮೂರ ಚೌಕದಲ್ಲಿ ಒಬ್ಬ ಸೇನಾಪತಿಯ ಪ್ರತಿಮೆಯಿದೆ. ಕುದುರೆ ಮುಂಗಾಲೆತ್ತಿದೆ, ಸೇನಾಪತಿ ಕತ್ತಿಯೆತ್ತಿದ್ದಾನೆ, ಇಬ್ಬರ ತಲೆಯ ಮೇಲೂ ಪಾರಿವಾಳಗಳು ತಮ್ಮ ಅಭಿಪ್ರಾಯ ದಾಖಲಿಸಿವೆ. ಅವನು ಯಾವ ಯುದ್ಧ ಗೆದ್ದ, ಗೆದ್ದು ಯಾರಿಗೆ ಏನು ಕೊಟ್ಟ ಎಂದು ಕೇಳಿದರೆ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನ್ನನ್ನು ಕೇಳಿದರೆ ಆ ಕುದುರೆಯನ್ನು ಇಳಿಸಿ, ಆ ಕಟ್ಟೆಯ ಮೇಲೆ ಒಂದು ಬೆರಳನ್ನು ನಿಲ್ಲಿಸಬೇಕು. ಬಲಗೈಯ ತೋರುಬೆರಳು. ಉಗುರು ಸ್ವಲ್ಪ ಸೊಟ್ಟಗಿದೆ, ಬಸ್ಸಿನ ಬಾಗಿಲಿಗೆ ಸಿಕ್ಕಿದ್ದು. ಅದು ರೆಜಿಸ್‌ನ ಬೆರಳು. ಇವತ್ತು ನನ್ನ ದುಪ್ಪಟಿ ಬಿಸಿಲಲ್ಲಿ ಒಣಗುತ್ತಿದೆ ಎಂದರೆ ಅದು ಆ ಬೆರಳಿನ ಕೃಪೆ.

ನಾನು ಪೊಲೆಟ್, ಫ್ರಾನ್ಸಿನ ಸೋನ್ ನದಿಯ ದಡದ ಮಿಮೋಜಾ ಕಟ್ಟಡದ ಬಾಡಿಗೆದಾರರ ಸಂಘದ ಅಧ್ಯಕ್ಷೆ. ಕಟ್ಟಡಕ್ಕೆ ಹೂವಿನ ಹೆಸರಿಟ್ಟವರು ಯಾರೋ, ಒಳಗೆ ಬೆಳೆಯುವುದು ಮಾತ್ರ ಬೂಷ್ಟು. ಚಳಿಗಾಲದಲ್ಲಿ ಗೋಡೆಗೆ ಕೈಯಿಟ್ಟರೆ ಗೋಡೆ ಬೆವರುತ್ತದೆ. ಅದಕ್ಕೇ ನಾವೆಲ್ಲ ಅಂಗಳದಲ್ಲಿ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತೇವೆ. ಆಸ್ಪತ್ರೆಯಲ್ಲಿ ನೆಲ ಒರೆಸುವ ಜೊಹ್ರಾಳ ಮಗಳು ನಯೀಮಾಳಿಗೆ ಉಬ್ಬಸ. ಮನೆಯೊಳಗೆ ಒಂದು ಒದ್ದೆ ಟವೆಲು ಹರವಿದರೂ ಆ ರಾತ್ರಿ ಮಗುವಿನ ಎದೆ ಹಳೇ ಹಾರ್ಮೋನಿಯಂನಂತೆ ಕುಯ್ಗುಡುತ್ತದೆ. ಹೀಗಾಗಿ ಆ ಹಗ್ಗ ನಮಗೆ ಬರಿಯ ಹಗ್ಗವಲ್ಲ. ಆ ಮಗುವಿನ ಉಸಿರು ಅದರ ಮೇಲೆ ನೇತಾಡುತ್ತಿತ್ತು.

ಆ ಹಗ್ಗವನ್ನು ಬಿಚ್ಚುತ್ತೇವೆಂದು ವಸತಿ ಕಚೇರಿಯವರು ಬೇಸಿಗೆಯ ಶುರುವಿನಲ್ಲಿ ನೋಟಿಸು ಅಂಟಿಸಿದರು. ಕಾರಣ ಕೇಳಿ. ವರ್ಷಕ್ಕೊಮ್ಮೆ ನಮ್ಮೂರಲ್ಲಿ ಅರಮನೆ ಉತ್ಸವ. ಊರಿನ ಗಣ್ಯರೆಲ್ಲ ನಾನೂರೈವತ್ತು ವರ್ಷದ ಹಿಂದಿನ ದಿರಿಸು ತೊಟ್ಟು, ಆಗಿನ ಕುಣಿತಗಳನ್ನು ಕುಣಿಯುತ್ತ ಬೀದಿಯಲ್ಲಿ ಸಾಗುತ್ತಾರೆ. ಈ ಸಲ ಮೆರವಣಿಗೆ ನಮ್ಮ ಕಟ್ಟಡದ ಮುಂದೆಯೇ ಹಾಯುತ್ತದಂತೆ. ನಮ್ಮ ಲಂಗ, ಬನಿಯನ್ನು, ಕಾಲುಚೀಲಗಳು ಪ್ರವಾಸಿಗರ ಕಣ್ಣಿಗೆ ಅಶೋಭೆಯಂತೆ. ಬೂಷ್ಟು ಅಶೋಭೆಯಲ್ಲ, ಅದು ಒಳಗಿರುತ್ತದೆ. ಕೆಳಗೆ ಮ್ಯಾನೇಜರ್ ಲಗಾರ್ದ್‌ನ ಸಹಿ. ಉತ್ಸವದ ಡ್ಯೂಕನ ಪಾತ್ರ ಪ್ರತಿವರ್ಷ ಅವನದೇ.

ನಾನು ತಕ್ಷಣ ಸಭೆ ಕರೆದೆ. ಕುರ್ಚಿಗಳು ಪೂರ್ಣ ಸಂಖ್ಯೆಯಲ್ಲಿ ಹಾಜರಿದ್ದವು. ನೆಲಮಾಳಿಗೆಯ ಮುದಿ ನಾಯಿಯೊಂದು ಬಂದು, ನನ್ನ ಭಾಷಣದ ಅರ್ಧಕ್ಕೆ ಎದ್ದು ಹೋಯಿತು. ಇಂಥ ಕಾಲದಲ್ಲಿ ರೆಜಿಸ್‌ಗೆ ಡ್ಯಾನ್ಸು ಕಲಿಯುವ ಹುಚ್ಚು ಹತ್ತಿತು.

ರೆಜಿಸ್ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಊರಿನ ಅರ್ಧ ಜನರನ್ನು ಅವರು ಮೂಗು ಒರೆಸಿಕೊಳ್ಳಲು ಬಾರದ ಕಾಲದಲ್ಲೇ ಶಾಲೆಗೆ ಮುಟ್ಟಿಸಿದ್ದಾನೆ. ಅವನಿಗಿದ್ದದ್ದು ಒಂದೇ ಆಸೆ: ಉತ್ಸವದಲ್ಲಿ ಮಖಮಲ್ಲಿನ ನಿಲುವಂಗಿ ತೊಟ್ಟು ಪವಾನ್ ಕುಣಿಯಬೇಕು. ಪವಾನ್ ಎಂದರೆ ದೊರೆಗಳ ಕುಣಿತ. ಕುಣಿತ ಎನ್ನುವುದು ಮರ್ಯಾದೆಯ ಮಾತು, ನಿಜವಾಗಿ ಅದು ನಡಿಗೆ. ಜೋಡಿ ಜೋಡಿಯಾಗಿ, ಗದ್ದ ಮೇಲೆತ್ತಿ, ಬಾಕಿ ವಸೂಲಿಗೆ ಹೊರಟವರಂತೆ ನಡೆಯುವುದು.

ನಿಲುವಂಗಿಗಾಗಿ ಅವನು ಮನೆಯ ಹಜಾರದ ಕೆಂಪು ಪರದೆಯನ್ನು ಕತ್ತರಿಸಿದ. ಹೆಂಡತಿ ಒದಿಲ್ ತರಕಾರಿ ತಂದು ಬಾಗಿಲು ತೆಗೆದರೆ, ಕಿಟಕಿ ಬೆತ್ತಲೆ, ಗಂಡ ಪರದೆಯೊಳಗೆ.

"ಏನಿದು ನಿನ್ನ ಅವತಾರ?"

"ಮಖಮಲ್ಲು ಒದಿಲ್. ದೊರೆಗಳು ತೊಡೋದು."

"ದೊರೆಗಳು ಅವರವರ ಪರದೆ ತೊಟ್ಕೊತಿದ್ರು ಮಾರಾಯ. ಇದು ನಮ್ಮಮ್ಮ ಕೊಟ್ಟಿದ್ದು. ಈಗ ಎದುರು ಮನೆಯವರೆಲ್ಲ ನಾನು ಸೂಪು ಕುಡಿಯೋದನ್ನ ಸಿನಿಮಾ ಥರ ನೋಡಬೇಕಾ?"

ಹೊಸಬರ ನೃತ್ಯದ ತರಗತಿ ಚರ್ಚಿನ ಸಭಾಂಗಣದಲ್ಲಿ. ಕಲಿಸುವವಳು ಮದಾಮ್ ಸೊಲಾಂಜ್, ಕೈಯಲ್ಲಿ ತಾಳ ಕುಟ್ಟುವ ಕೋಲು, ಬಾಯಲ್ಲಿ ಒಂದೇ ಧರ್ಮಶಾಸ್ತ್ರ: "ವೃತ್ತದೊಳಗೆ ಒಮ್ಮೆ ಕೈ ಹಿಡಿದ ಮೇಲೆ ಕುಣಿತ ಮುಗಿಯೋವರೆಗೆ ಯಾರೂ ವೃತ್ತ ಬಿಡೋ ಹಾಗಿಲ್ಲ. ರಾಜ ಬಂದ್ರೂ ಅಷ್ಟೆ, ಹಾರ್ಟ್ ಅಟ್ಯಾಕ್ ಬಂದ್ರೂ ಅಷ್ಟೆ."

ರೆಜಿಸ್‌ನ ತೊಂದರೆ ಮೊದಲ ದಿನವೇ ಬಯಲಾಯಿತು. ಅದು ಬುದ್ಧಿಯದಲ್ಲ, ಬಲಗಾಲಿನದು. ಮುಂದೆ ಯಾರಾದರೂ ತಟ್ಟನೆ ಕಂಡರೆ ಆ ಕಾಲು ತಾನಾಗಿ ಬ್ರೇಕು ಒತ್ತುತ್ತಿತ್ತು. ಕಾಲು ನೆಲಕ್ಕೆ ನಾಟಿತೆಂದರೆ ದೇಹ ನಿಲ್ಲುತ್ತಿತ್ತು, ದೇಹ ನಿಂತರೆ ಹಿಂದಿನ ಜೋಡಿ ಬಂದು ಬೆನ್ನಿಗೆ ಗುದ್ದುತ್ತಿತ್ತು. ಎಡಕ್ಕೆ ಹೆಜ್ಜೆ ಇಡುವ ಮುಂಚೆ ಇಲ್ಲದ ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳದೆ ಅವನು ಹೊರಳುತ್ತಿರಲಿಲ್ಲ.

"ಮಸ್ಯೂ ರೆಜಿಸ್, ಇದು ಪವಾನ್. ಬಸ್ ಸ್ಟಾಪ್ ಅಲ್ಲ," ಎಂದಳು ಸೊಲಾಂಜ್.

"ಗೊತ್ತು ಮದಾಮ್. ಕಾಲಿಗೆ ಗೊತ್ತಿಲ್ಲ."

ಅವಳು ಅವನನ್ನು ಒಗೆಯುವವರ ಕುಣಿತಕ್ಕೆ ವರ್ಗಾಯಿಸಿದಳು. ಇದರ ಚರಿತ್ರೆಯನ್ನು ನಾನು ಸುಮ್ಮನೆ ಹೇಳಲಾರೆ, ಹೇಳುವಾಗ ಹಲ್ಲು ಕಡಿಯುವಂತಾಗುತ್ತದೆ. ಹಿಂದೆ ನದಿಯ ದಡದಲ್ಲಿ ಹೆಂಗಸರು ಬೆನ್ನು ಮುರಿದುಕೊಂಡು ಊರಿನ ಕೊಳೆಯೊಗೆಯುತ್ತಿದ್ದರು, ಜಾಗಕ್ಕಾಗಿ ಜಗಳವಾಡುತ್ತಿದ್ದರು. ತಮ್ಮ ಒಳಚಡ್ಡಿಯನ್ನು ಒಮ್ಮೆಯೂ ತಾವೇ ಹಿಂಡದ ದೊರೆಗಳು ಅದನ್ನು ನೋಡಿ ನಕ್ಕು ಒಂದು ಕುಣಿತ ಮಾಡಿಕೊಂಡರು. ವೃತ್ತವಾಗಿ ನಿಂತು ಎಡಕ್ಕೆ ಹೋಗು, ಬಲಕ್ಕೆ ಬಾ. ಆಮೇಲೆ ಅರ್ಧ ಜನ ಸೊಂಟದ ಮೇಲೆ ಕೈಯಿಟ್ಟು ಬೈಸಿಕೊಳ್ಳಬೇಕು, ಇನ್ನರ್ಧ ಅವರ ಮುಖಕ್ಕೆ ಬೆರಳಾಡಿಸಬೇಕು. ಆಮೇಲೆ ಸರದಿ ಬದಲು. ಕೊನೆಗೆ ಬಟ್ಟೆ ಬಡಿದಂತೆ ಚಪ್ಪಾಳೆ. ಅವರ ನೋವು ಇವರ ತಾಳ. ಇರಲಿ.

ದೊರೆಯಾಗಲು ಹೋದ ರೆಜಿಸ್ ಬಟ್ಟೆ ಒಗೆಯುವವನಾಗಿ ಮನೆಗೆ ಬಂದ. ಹಜಾರದಲ್ಲಿ ಅಭ್ಯಾಸ ಮಾಡಿದಾಗ ಒದಿಲ್‌ಳ ಹೂದಾನಿ ಹೋಯಿತು. ಅವಳು ಅವನನ್ನು ಬಾಲ್ಕನಿಗೆ ದಬ್ಬಿ ಬಾಗಿಲು ಹಾಕಿಕೊಂಡಳು. ಅವನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಅಲ್ಲೇ ಶುರು ಮಾಡಿದ.

ಮರುದಿನ ಬೆಳಿಗ್ಗೆ ಜೊಹ್ರಾ ನನ್ನ ಬಾಗಿಲು ಬಡಿದಳು. ಭುಜದ ಮೇಲೆ ಒದ್ದೆ ಷರಟು, ಕಣ್ಣಲ್ಲಿ ಕೆಂಡ.

"ಮದಾಮ್ ಪೊಲೆಟ್, ನಿಮ್ಮ ರೆಜಿಸ್‌ಗೆ ಕಚೇರಿಯವರು ಏನಾದ್ರೂ ಕೆಲಸ ಕೊಟ್ಟಿದಾರಾ?"

"ಯಾಕಮ್ಮ?"

"ನಾನು ಹಗ್ಗಕ್ಕೆ ದುಪ್ಪಟಿ ಹಾಕ್ತಿದೀನಿ. ಮೇಲಿಂದ ಬೆರಳು ತೋರಿಸ್ತಾನೆ, ಹೀಗೆ, ಹೀಗೆ, ಹೀಗೆ! ಕಾಲುಚೀಲ ಹಾಕಿದ್ರೆ ಚಪ್ಪಾಳೆ ಬೇರೆ! ನಾನು ಸೊಂಟಕ್ಕೆ ಕೈ ಇಟ್ಕೊಂಡು ದುರುಗುಟ್ಟಿ ನೋಡಿದೆ. ನಿಲ್ಲಿಸಿದ. ಸರಿ, ಈಗ ನನ್ನ ಸರದಿ ಅಂತ ನಾನೂ ಬೆರಳು ತೋರಿಸಿದೆ. ಅವನೇನು ಮಾಡಿದ ಹೇಳಿ? ತಾನೂ ಸೊಂಟಕ್ಕೆ ಕೈ ಇಟ್ಕೊಂಡು ನಿಂತು ನಗ್ತಾನೆ! ನನ್ನ ಅಣಕಿಸ್ತಾನೆ!"

ಜಗಳದ ವ್ಯಾಕರಣ ಯಾವ ಕಾಲದಲ್ಲೂ ಬದಲಾಗುವುದಿಲ್ಲ. ಜೊಹ್ರಾ ತನಗೆ ಗೊತ್ತಿಲ್ಲದೆ ಆ ಕುಣಿತವನ್ನು ಒಂದು ತಾಳವೂ ತಪ್ಪದೆ ಕುಣಿದಿದ್ದಳು. ಅತ್ತ ರೆಜಿಸ್ ಒಳಗೆ ಓಡಿ, "ಒದಿಲ್, ಎದುರು ಮನೆ ಜೊಹ್ರಾ ಎಷ್ಟು ಚೆನ್ನಾಗಿ ಕಲಿತಿದಾಳೆ ಗೊತ್ತಾ! ನನಗಿಂತ ಸೊಗಸು!" ಎಂದು ಹೇಳಿದನಂತೆ.

ನಾನು ಏಪ್ರನ್ನು ಬಿಚ್ಚಿ ಅವಳೊಂದಿಗೆ ಹೊರಟೆ. ಅಧ್ಯಕ್ಷೆಯಾಗಿ ನನಗೂ ಯಾರನ್ನಾದರೂ ತರಾಟೆಗೆ ತೆಗೆದುಕೊಳ್ಳಬೇಕಿತ್ತು, ಬಹಳ ದಿನವಾಗಿತ್ತು. ಅಂಗಳದ ನಡುವೆ ಮ್ಯಾನೇಜರ್ ಲಗಾರ್ದ್ ಅಳತೆಯ ಟೇಪು ಹಿಡಿದು ನಮ್ಮ ಕಂಬಗಳನ್ನು ಅಳೆಯುತ್ತಿದ್ದ. ಮೇಲೆ ಬಾಲ್ಕನಿಯಲ್ಲಿ ರೆಜಿಸ್ ಕಣ್ಣು ಅರೆಮುಚ್ಚಿ, ಹೆಡ್‌ಫೋನಿನ ಸಂಗೀತದಲ್ಲಿ ತೇಲುತ್ತ, ಸರಿಯಾಗಿ ಲಗಾರ್ದ್‌ನ ತಲೆಯ ಕಡೆಗೆ ಬೆರಳಾಡಿಸಲು ತೊಡಗಿದ.

"ನೋಡಿ! ಮತ್ತೆ ಶುರು!" ಎಂದು ಜೊಹ್ರಾ ಕೆಳಗಿನಿಂದ ಅವನಿಗೆ ಬೆರಳಾಡಿಸಿದಳು. ನಡುವೆ ಲಗಾರ್ದ್. ಮೇಲಿನ ಬೆರಳೂ ತನಗೆ, ಕೆಳಗಿನ ಬೆರಳೂ ತನಗೆ ಎಂದು ತಿಳಿದು ಅವನ ಕೈಯ ಟೇಪು ಸರ್ರನೆ ಸುರುಳಿಯಾಗಿ ಒಳಸೇರಿತು.

"ಏನ್ರೀ ಇದು? ಕಾನೂನು ಪ್ರಕಾರ ನೋಟಿಸ್ ಕೊಟ್ಟಿದೀವಿ!"

ಕೂಗಿಗೆ ಕಿಟಕಿಗಳು ತೆರೆದುಕೊಂಡವು. ಜನ ನೋಡಿದ್ದೇನು? ಮ್ಯಾನೇಜರನ ಮುಖಕ್ಕೆ ಬೆರಳು ತೋರಿಸುವ ಗಂಡಸು ಕೊನೆಗೂ ಒಬ್ಬ ಹುಟ್ಟಿದ್ದಾನೆ! ಮೊದಲು ಮೂರನೇ ಮಹಡಿಯಿಂದ ಒಂದು ಬೆರಳು ಬಂತು. ಆಮೇಲೆ ಎರಡನೆಯದರಿಂದ ಹಿಟ್ಟು ಮೆತ್ತಿದ ಬೆರಳು. ನನ್ನ ಸಭೆಗೆ ಬರಲು ಪುರುಸೊತ್ತಿಲ್ಲದವರೆಲ್ಲ ಕಿಟಕಿಯಲ್ಲಿ ಬಾಗಿ ಬೆರಳಾಡಿಸುತ್ತಿದ್ದರು. ರೆಜಿಸ್‌ನ ಸಂಗೀತ ಚಪ್ಪಾಳೆಯ ಭಾಗಕ್ಕೆ ಬಂತು, ಅವನು ತಟ್ಟಿದ, ಕಟ್ಟಡವೆಲ್ಲ ತಟ್ಟಿತು. ಲಗಾರ್ದ್, "ಇದು ಪೂರ್ವನಿಯೋಜಿತ! ಇದರ ಹಿಂದೆ ಯಾರಿದ್ದಾರೆ ಅಂತ ನನಗೆ ಗೊತ್ತಾಗುತ್ತೆ!" ಎನ್ನುತ್ತ ಹಿಂದಕ್ಕೆ ನಡೆದು ಜೊಹ್ರಾಳ ದುಪ್ಪಟಿಯೊಳಗೆ ಸಿಕ್ಕಿಕೊಂಡು, ಬಿಡಿಸಿಕೊಂಡು, ಕಾರು ಹತ್ತಿದ.

ರೆಜಿಸ್ ಆಗ ಕಣ್ಣು ತೆರೆದ. ಇಡೀ ಕಟ್ಟಡ ತನ್ನನ್ನು ನೋಡಿ ಚಪ್ಪಾಳೆ ತಟ್ಟುತ್ತಿದೆ. ಎದೆಯ ಮೇಲೆ ಕೈಯಿಟ್ಟು ದೊರೆಯಂತೆ ಬಾಗಿ ವಂದಿಸಿದ.

ಅವನ ಮನೆಗೆ ಹೋಗಿ ವಿಚಾರಿಸಿದಾಗ ವಿಷಯ ತಿಳಿಯಿತು. ಜೊಹ್ರಾ ಕುರ್ಚಿಯಲ್ಲಿ ಕುಸಿದು, ಒದ್ದೆ ಷರಟಿನಿಂದಲೇ ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ಅಲ್ಲ ಮಸ್ಯೂ ರೆಜಿಸ್, ನಾನು ನಿಮ್ಮ ಏಳು ತಲೆಮಾರಿಗೆ ಶಾಪ ಹಾಕ್ಬಿಟ್ನಲ್ಲ!"

"ತಾಳಕ್ಕೆ ಸರಿಯಾಗಿ ಹಾಕಿದ್ರಿ ಮದಾಮ್," ಎಂದ ಅವನು ಗೌರವದಿಂದ.

ಒದಿಲ್ ಕಾಫಿ ಸುರಿಯುತ್ತ ನನ್ನನ್ನು ನೋಡಿದಳು. "ಮದಾಮ್ ಪೊಲೆಟ್, ಇದು ಡ್ಯಾನ್ಸು ಅಂತ ಮ್ಯಾನೇಜರಿಗೆ ಹೇಳೋದು ಬೇಡ ಅಲ್ವಾ?"

"ಯಾವ ಡ್ಯಾನ್ಸು?" ಎಂದೆ ನಾನು.

ಎರಡು ದಿನಕ್ಕೆ ಕಚೇರಿಯಿಂದ ರೆಜಿಸ್‌ಗೆ ಕರೆ ಬಂತು. ಲಗಾರ್ದ್ ಉತ್ಸವ ಸಮಿತಿಯಲ್ಲಿಯೂ ಇದ್ದುದರಿಂದ, ತನ್ನ ಹೆಜ್ಜೆಯ ಬಗ್ಗೆ ಮಾತಾಡಲು ಕರೆದಿದ್ದಾರೆಂದು ರೆಜಿಸ್ ಮೀಸೆಗೆ ಎಣ್ಣೆ ಸವರಿಕೊಂಡು ಹೊರಟ. ನಾನು ಸಂಘದ ಪರವಾಗಿ ಜೊತೆಗೆ ಹೋದೆ. ಲಗಾರ್ದ್ ಪ್ರತಿವರ್ಷ ಡ್ಯೂಕನಾಗಿ ಮೆರವಣಿಗೆಯ ಮುಂದೆ ನಡೆದರೂ ಕೊನೆಯಲ್ಲಿ ಬರುವ ಒಗೆಯುವವರ ಕುಣಿತವನ್ನು ಒಮ್ಮೆಯೂ ನೋಡಿರಲಿಲ್ಲ. ಹಳೆಯ ದೊರೆಗಳ ಅಭ್ಯಾಸ ಅರಮನೆಯಲ್ಲಿ, ಹೊಸಬರದೂ ಒಗೆಯುವವರದೂ ಚರ್ಚಿನ ಸಭಾಂಗಣದಲ್ಲಿ. ಕೆಳಗಿನವರು ಏನು ಮಾಡುತ್ತಾರೆಂದು ನೋಡುವ ಅಭ್ಯಾಸ ಮೇಲಿನವರಿಗೆ ಯಾವಾಗ ತಾನೇ ಇತ್ತು?

"ಎಷ್ಟು ಜನ ಇದೀರಿ?" ಲಗಾರ್ದ್ ನೇರವಾಗಿ ಕೇಳಿದ.

"ಈಗ ಒಂದು ಡಜನ್ ಆಗ್ಬಹುದು. ಕುಣಿ ಕುಣಿತಾ ಬೀದಿಯವರೂ ಸೇರ್ಕೋತಾರೆ ಅಂತಾರೆ, ಹಿಂದಿನ ಕಾಲದಲ್ಲಿ ಹಾಗೇ ಅಂತೆ."

"ನಿಮ್ಮ ಮುಂದಾಳು?"

"ಒಬ್ಬ ಹೆಂಗಸು. ಬಹಳ ಕಟ್ಟುನಿಟ್ಟು. ಕೋಲು ಹಿಡಿದೇ ನಿಂತಿರ್ತಾರೆ."

ಲಗಾರ್ದ್ ನನ್ನ ಕಡೆ ತಿರುಗಿದ. ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ನಾಯಕಿ ಎಂದು ನಂಬಿದ್ದರು. ನಾನು ಹುಬ್ಬು ಗಂಟಿಕ್ಕಿ ಆ ನಂಬಿಕೆಗೆ ನ್ಯಾಯ ಒದಗಿಸಿದೆ.

"ಯಾವತ್ತು ಮಾಡ್ತೀರಿ?"

"ಭಾನುವಾರ. ಡೋಲಿನ ಜೊತೆ."

"ಡೋಲು ಬೇರೆ!" ಲಗಾರ್ದ್ ನೀರು ಕುಡಿದ. "ನೋಡಿ ಮಸ್ಯೂ, ನಾವು ನಾಗರಿಕರು. ನಿಮಗೆ ಏನು ಬೇಕು, ಬಾಯಿಬಿಟ್ಟು ಹೇಳಿ."

ನಾನು ಬಾಯಿ ತೆರೆಯುವ ಮುಂಚೆ ರೆಜಿಸ್ ಹೇಳಿಬಿಟ್ಟ. "ಪವಾನ್‌ನಲ್ಲಿ ಒಂದು ಜಾಗ ಮಸ್ಯೂ. ಮಖಮಲ್ಲು ನನ್ನ ಹತ್ರ ಇದೆ."

ಲಗಾರ್ದ್ ಅವನನ್ನೇ ನೋಡಿದ. ಆಮೇಲೆ ಅವನ ಮುಖದ ಮೇಲೆ, ಅಗ್ಗಕ್ಕೆ ಹಸು ಸಿಕ್ಕವನ ನಗು ಹರಡಿತು. "ಇಷ್ಟೇನಾ? ನನ್ನ ಹಿಂದಿನ ಜೋಡಿಯಲ್ಲೇ ನಿಲ್ಲಿ. ಆದ್ರೆ ಭಾನುವಾರ ಅಂಗಳದಲ್ಲಿ ಒಂದು ಬಟ್ಟೆಯೂ ಕಾಣಬಾರದು. ಉತ್ಸವಕ್ಕೆ ಮುಂಚೆ ಗಲಾಟೆ ಬೇಡ, ಹಗ್ಗ ಖಾಯಂ ಆಗಿ ಬಿಚ್ಚೋಕೆ ನಮ್ಮವರು ಸೋಮವಾರ ಬರ್ತಾರೆ. ಆಗ ಆ ನಿಮ್ಮ ಬೆರಳು ಜೇಬಲ್ಲಿರಬೇಕು."

"ಜೇಬಲ್ಲೇ ಇರುತ್ತೆ ಮಸ್ಯೂ," ಎಂದ ರೆಜಿಸ್. ಹಗ್ಗದ ಮಾತು ಅವನ ಕಿವಿಯ ಪಕ್ಕದಲ್ಲಿ ಹಾದುಹೋಗಿತ್ತು. ಪವಾನ್ ಎಂಬ ಶಬ್ದದ ಆಚೆಗೆ ಅವನಿಗೆ ಏನೂ ಕೇಳಿಸಿರಲಿಲ್ಲ.

ನಾನು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾತಾಡಿದ್ದರೆ ಪೊಲೀಸರು ಬರಬೇಕಾಗುತ್ತಿತ್ತು. ಮನೆಯಲ್ಲಿ ವಿಷಯ ಕೇಳಿ ಮಾತಾಡಿದವಳು ಒದಿಲ್.

"ಪರದೆ ಕತ್ತರಿಸಿದೆ, ಸುಮ್ಮನಿದ್ದೆ. ಹೂದಾನಿ ಒಡೆದೆ, ಸುಮ್ಮನಿದ್ದೆ. ಈಗ ಆ ಮಗುವಿನ ಉಸಿರು ಮಾರಿ ಬಂದಿದೀಯಲ್ಲೋ, ಪೆದ್ದ!" ಅವಳ ಬೆರಳು ಅವನ ಮೂಗಿನ ತುದಿಯಲ್ಲಿ ಆಡುತ್ತಿತ್ತು.

ರೆಜಿಸ್ ಅಭ್ಯಾಸಬಲದಿಂದ ಸೊಂಟದ ಮೇಲೆ ಕೈಯಿಟ್ಟುಕೊಂಡ. ಅದಕ್ಕೂ ಬೈಗುಳ ತಿಂದ. ಆಮೇಲೆ ಬಾಲ್ಕನಿಗೆ ಹೋಗಿ, ಹೆಡ್‌ಫೋನು ಇಲ್ಲದೆ ಸುಮ್ಮನೆ ನಿಂತ. ಕೆಳಗೆ ಜೊಹ್ರಾ ಬಟ್ಟೆ ಎತ್ತುತ್ತಿದ್ದಳು. ಈ ಸಲ ಅವಳು ಮೇಲೆ ನೋಡಲಿಲ್ಲ.

ಮರುದಿನ ರೆಜಿಸ್ ಜಾಗ ವಾಪಸು ಕೊಡಲು ಕಚೇರಿಗೆ ಹೋದ. ಸಾಹೇಬರು ಡ್ಯೂಕನ ಟೋಪಿಯ ಅಳತೆಗೆ ಹೋಗಿದ್ದಾರೆ, ಉತ್ಸವ ಮುಗಿಯುವವರೆಗೆ ಸಿಗುವುದಿಲ್ಲ ಎಂದರು. ಸೊಲಾಂಜ್‌ಳ ಬಳಿ ಹೋದರೆ, "ಹೆಸರು ಅಚ್ಚಾಗಿಬಿಟ್ಟಿದೆ, ಈಗ ಬಿಟ್ಟರೆ ನಿಮ್ಮ ಜೋಡಿ ಒಂಟಿಯಾಗಿ ನಡೀಬೇಕು. ನಾಲ್ಕು ಶತಮಾನದಲ್ಲಿ ಹಾಗೆ ಆಗಿಲ್ಲ," ಎಂದಳು. ಹೀಗೆ ನಮ್ಮ ರೆಜಿಸ್ ತನಗೆ ಬೇಡವಾದ ದಿನ ದೊರೆಯಾದ.

ಭಾನುವಾರ ಬಂತು. ಒಂದು ಬಟ್ಟೆಯೂ ಕಾಣಬಾರದು ಎಂಬ ಅಪ್ಪಣೆಯನ್ನು ಒದಿಲ್ ಮನೆಮನೆಗೆ ಮುಟ್ಟಿಸಿದ್ದಳು. ಅದರ ಪರಿಣಾಮವಾಗಿ ಮಿಮೋಜಾ ಕಟ್ಟಡದಲ್ಲಿ ಹಿಂದೆಂದೂ ಇಲ್ಲದಷ್ಟು ಬಟ್ಟೆ ಅವತ್ತು ಒಗೆಯಲ್ಪಟ್ಟಿತು. ಕೊಳೆಯಾಗದ್ದನ್ನೂ ಒಗೆದರು. ಹಗ್ಗ ತುಂಬಿ, ಮಿಕ್ಕವರು ಒದ್ದೆ ಬುಟ್ಟಿ ಸೊಂಟಕ್ಕೇರಿಸಿ ಗೇಟಿನ ಬಳಿ ನಿಂತಿದ್ದರು.

ಡೋಲು ಕೇಳಿಸಿತು. ಮುಂದೆ ಡ್ಯೂಕ್ ಲಗಾರ್ದ್, ಟೋಪಿಯಲ್ಲಿ ಇಡೀ ಕೋಳಿಯ ಗರಿ. ಹಿಂದೆ ಪರದೆ ತೊಟ್ಟ ರೆಜಿಸ್, ಪಕ್ಕದಲ್ಲಿ ಔಷಧಂಗಡಿಯ ಒಡತಿ. ಅವರ ಹಿಂದೆ ಇನ್ನಷ್ಟು ದೊರೆಗಳು, ಕೊನೆಯಲ್ಲಿ ಒಗೆಯುವವರ ಗುಂಪು. ರಸ್ತೆಯ ಎರಡೂ ಬದಿ ಪ್ರವಾಸಿಗರು. ಗೇಟಿನೆದುರಿನ ಕಟ್ಟೆಯ ಮೇಲೆ ಮೇಯರಮ್ಮ.

ಲಗಾರ್ದ್ ತುಂಬಿದ ಹಗ್ಗಗಳನ್ನು ಕಂಡು ಕೆಂಪಾದ, ಆದರೆ ಪವಾನ್ ನಡೆಯುವವನು ಗದ್ದ ಇಳಿಸುವಂತಿಲ್ಲ. ಅವನು ಗೇಟು ದಾಟಿದ. ಆ ಕ್ಷಣಕ್ಕೆ ನಯೀಮಾ, ಗರಿಯ ಟೋಪಿಯನ್ನು ಹತ್ತಿರದಿಂದ ನೋಡಲು, ಅವನ ಹಿಂದಿನ ಸಂದಿಯಲ್ಲಿ ನುಗ್ಗಿ ರಸ್ತೆಗಿಳಿದಳು.

ರೆಜಿಸ್‌ನ ಬಲಗಾಲು ಬ್ರೇಕು ಒತ್ತಿತು.

ಆ ಕಾಲು ಇಡೀ ಜೀವಮಾನದಲ್ಲಿ ಮಗುವೊಂದರ ಮುಂದೆ ಒತ್ತದೆ ಇದ್ದದ್ದೇ ಇಲ್ಲ. ಹಿಂದಿನ ಜೋಡಿ ಅವನಿಗೆ ಗುದ್ದಿತು, ಅದರ ಹಿಂದಿನದು ಅದಕ್ಕೆ ಗುದ್ದಿತು, ಗರಿಗಳು ಹಾರಿದವು, ಡೋಲಿನವನ ಕೋಲು ಕೆಳಗೆ ಬಿತ್ತು. ರೆಜಿಸ್ ಮಾತ್ರ, ಊರಿನ ಪ್ರತಿ ಮಗುವಿಗೂ ಮಾಡುತ್ತಿದ್ದಂತೆ ತೋರುಬೆರಳೆತ್ತಿ ಆಡಿಸಿದ.

"ಅತ್ತ ಇತ್ತ ನೋಡಿ ದಾಟಬೇಕು ಪುಟ್ಟಿ. ಎಷ್ಟು ಸಲ ಹೇಳಿಲ್ಲ?"

ನಯೀಮಾ ಸೊಂಟಕ್ಕೆ ಕೈಯಿಟ್ಟು ನಿಂತಳು. ಅವಳ ತಾಯಿಯ ಮಗಳಲ್ಲವೇ? "ನೀವೂ ನಮ್ಮ ಹಗ್ಗ ತೆಗೀತೀರಂತೆ. ಅಮ್ಮ ಹೇಳಿದ್ಲು," ಎಂದಳು, ಮತ್ತು ಕೆಮ್ಮಿದಳು.

ಲಗಾರ್ದ್ ಹಿಂದಕ್ಕೆ ತಿರುಗಿ ಹಲ್ಲಿನ ಸಂದಿಯಿಂದ ಹೇಳಿದ: "ಮಸ್ಯೂ! ಬೆರಳು ಜೇಬಿಗೆ!"

ರೆಜಿಸ್ ಪರದೆಯಲ್ಲಿ ಜೇಬು ಹುಡುಕಿದ. ಒದಿಲ್‌ಳ ಅಮ್ಮ ಪರದೆಗೆ ಜೇಬು ಹೊಲಿಸಿರಲಿಲ್ಲ. ಅವನು ಮಗುವನ್ನು ನೋಡಿದ, ಬುಟ್ಟಿ ಹಿಡಿದ ಜೊಹ್ರಾಳನ್ನು ನೋಡಿದ, ಬೆರಳನ್ನು ನೋಡಿಕೊಂಡ. ಆಮೇಲೆ ಅದನ್ನೆತ್ತಿ ಡ್ಯೂಕನ ಮೂಗಿನ ಮುಂದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಒಂದು ಚೂರೂ ತಾಳ ತಪ್ಪದೆ ಆಡಿಸಿದ. ಕೊನೆಗೆ ಚಪ್ಪಾಳೆ ತಟ್ಟಿದ.

ಚಪ್ಪಾಳೆ ಕೇಳಿದ್ದೇ, ಹಿಂದಿದ್ದ ಒಗೆಯುವವರ ಗುಂಪು ಕಾರ್ಯಕ್ರಮ ಬದಲಾಗಿದೆ ಎಂದುಕೊಂಡು ಓಡಿಬಂದು ವೃತ್ತ ಕಟ್ಟಿತು. ಜೊಹ್ರಾ ಬುಟ್ಟಿ ಕೆಳಗಿಟ್ಟಳು, ಒದಿಲ್ ಕೈ ಒರೆಸಿಕೊಂಡಳು, ಕಟ್ಟಡವೇ ಬೀದಿಗಿಳಿಯಿತು. ಯಾರೋ ಲಗಾರ್ದ್‌ನ ಎಡಗೈ ಹಿಡಿದರು. ಬಲಗೈ ಹಿಡಿದದ್ದು ನಾನೇ, ಇವತ್ತಿಗೂ ಆ ಸುಖ ಮರೆತಿಲ್ಲ. ಅವನು ಬಿಡಿಸಿಕೊಳ್ಳಲು ನೋಡಿದ.

"ಮಸ್ಯೂ ಲಗಾರ್ದ್!" ಸೊಲಾಂಜ್‌ಳ ಕೋಲು ಟಕ್ಕೆಂದಿತು. "ಕೈ ಹಿಡಿದ ಮೇಲೆ ಮುಗಿಯೋವರೆಗೆ ವೃತ್ತ ಬಿಡೋ ಹಾಗಿಲ್ಲ!"

ಹೀಗೆ ವಸತಿ ಕಚೇರಿಯ ಮ್ಯಾನೇಜರು ಎಡಕ್ಕೆ ಹೋದ, ಬಲಕ್ಕೆ ಬಂದ. ಬೈಸಿಕೊಳ್ಳುವ ಸರದಿ ಗಂಡಸರದಾದಾಗ, ಗರಿಯ ಟೋಪಿಯಡಿಯಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತ. ಮಿಮೋಜಾದ ಹೆಂಗಸರೆಲ್ಲ, ನಾನೂರೈವತ್ತು ವರ್ಷದ ಬಾಕಿಯನ್ನು ಸೇರಿಸಿ, ಅವನ ಮುಖಕ್ಕೆ ಬೆರಳಾಡಿಸಿದರು. ಸರದಿ ಬದಲಾದಾಗ ಬೆರಳೆತ್ತಲು ಅವನಿಗೆ ಧೈರ್ಯ ಬರಲಿಲ್ಲ. ಒದ್ದೆ ಬಟ್ಟೆ ಬಡಿದಂತೆ ಚಪ್ಪಾಳೆ ಬಿತ್ತು. ಕೆಲವರು ನಿಜವಾದ ಒದ್ದೆ ಬಟ್ಟೆಯನ್ನೇ ಬಡಿದರು, ಡ್ಯೂಕ್ ನೆನೆದ.

ಪ್ರವಾಸಿಗರು ಹುಚ್ಚೆದ್ದು ಕೂಗಿದರು. ಮೇಯರಮ್ಮ ಕಟ್ಟೆಯಿಂದಿಳಿದು ಬಂದು ಲಗಾರ್ದ್‌ನ ಒದ್ದೆ ಕೈ ಕುಲುಕಿದಳು. "ಬ್ರಾವೋ! ಎಂಥಾ ನೈಜತೆ! ಆ ಬಟ್ಟೆ, ಆ ಹಗ್ಗ, ಅದೇ ಕಾಲ ಕಣ್ಣಿಗೆ ಕಟ್ಟಿದ ಹಾಗಿದೆ. ಯಾರ ಯೋಚನೆ ಇದು?"

ಲಗಾರ್ದ್ ಹಗ್ಗ ನೋಡಿದ, ಕ್ಯಾಮೆರಾಗಳನ್ನು ನೋಡಿದ.

"ನಮ್ಮ ಕಚೇರಿಯದು ಮದಾಮ್," ಎಂದ.

"ಹಾಗಾದ್ರೆ ಇನ್ನು ಪ್ರತಿ ವರ್ಷ ಇರ್ಲಿ. ಆ ಹಗ್ಗ ಮಾತ್ರ ಮುಟ್ಟಬೇಡಿ."

ಈಗ ನಮ್ಮ ಅಂಗಳದಲ್ಲಿ ಕಚೇರಿಯವರೇ ಹಾಕಿಸಿದ ಒಂದು ಫಲಕವಿದೆ: ಐತಿಹಾಸಿಕ ಬಟ್ಟೆ ಒಣಗಿಸುವ ಸ್ಥಳ, ಹಾನಿ ಮಾಡಿದವರಿಗೆ ದಂಡ. ನಾವು ಅದರ ಮೇಲೆ ಕಾಲುಚೀಲ ಒಣಹಾಕುತ್ತೇವೆ. ಬೂಷ್ಟಿನ ಬಗ್ಗೆ ಅವರು ಇನ್ನೂ ಮಾತೆತ್ತಿಲ್ಲ. ಆ ಜಗಳಕ್ಕೆ ನನ್ನ ಸಭೆಯಲ್ಲೀಗ ಕುರ್ಚಿ ಸಾಲುವುದಿಲ್ಲ, ನಾಯಿ ಕೊನೆಯವರೆಗೂ ಕೂರುತ್ತದೆ.

ರೆಜಿಸ್ ಮಾತ್ರ ಆ ಸಂಜೆಯೇ ಸೊಲಾಂಜ್‌ಳ ಬಳಿ ಹೋಗಿ, ಪವಾನ್ ಕೆಡಿಸಿದ್ದಕ್ಕೆ ಕ್ಷಮೆ ಕೇಳಿದ. "ಕಾಲು ಒತ್ತಿಬಿಡ್ತು ಮದಾಮ್."

"ಒತ್ತಲಿ ಬಿಡಿ. ಮುಂದಿನ ವರ್ಷ ಅಲ್ಲೇ ಒತ್ತಬೇಕು, ಅದೇ ತಾಳಕ್ಕೆ," ಎಂದಳು ಅವಳು.

ಜೊಹ್ರಾ ಅವನ ಬಾಗಿಲಿಗೆ ಒಂದು ತಟ್ಟೆ ರವೆಯ ಕೇಕು ತಂದಳು. ಏನು ಹೇಳಬೇಕೆಂದು ತಿಳಿಯದೆ ತಟ್ಟೆಯನ್ನು ಅವನ ಕೈಗಿಟ್ಟು, ಬೆರಳೆತ್ತಿ ಮೂರು ಸಲ ಆಡಿಸಿದಳು. ಅವನು ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದನ್ನು ಸೊಂಟದ ಮೇಲಿಟ್ಟು ನಿಂತು, ಬೈಸಿಕೊಂಡ.

ಅಂದಿನಿಂದ ಮಿಮೋಜಾದಲ್ಲಿ ಯಾರಿಗಾದರೂ ಕೃತಜ್ಞತೆ ಹೇಳಬೇಕೆಂದರೆ ನಾವು ಬೆರಳಾಡಿಸುತ್ತೇವೆ. ದುಪ್ಪಟಿ ಹರವುವಾಗ ಬಾಲ್ಕನಿಯಲ್ಲಿ ರೆಜಿಸ್ ಕಂಡರೆ ನಾನಂತೂ ತಪ್ಪಿಸುವುದಿಲ್ಲ. ಮೊನ್ನೆ ಹೊಸ ಅಂಚೆಯವನು ನಯೀಮಾಳಿಗೆ ಅವಳ ಅಜ್ಜಿ ಕಳಿಸಿದ ಪೊಟ್ಟಣ ತಂದುಕೊಟ್ಟ. ಮಗು ಹಿಗ್ಗಿ, ಗೇಟಿನವರೆಗೂ ಅವನ ಹಿಂದೆ ಬೆರಳಾಡಿಸುತ್ತ ಓಡಿತು, ಒಮ್ಮೆಯೂ ಕೆಮ್ಮಲಿಲ್ಲ. ಅಂಚೆಯವನು ಸೈಕಲ್ಲು ಬಿಟ್ಟು ಓಡಿಹೋಗಿದ್ದಾನೆ. ಅದನ್ನು ವಾಪಸು ಕೊಡಲು ರೆಜಿಸ್‌ನನ್ನು ಕಳಿಸಿದ್ದೇವೆ.